ಬಹು ಆಟಗಾರರ ಆನ್‌ಲೈನ್ ಆಟದ ತಂತ್ರಾಂಶ: ಎರವಲು ಬಿಡಿಭಾಗಗಳ ಲೆಕ್ಕಾಚಾರ

ಯಂತ್ರವೊಂದನ್ನು ಕೊಳ್ಳುವಾಗ ನಮ್ಮ ಸಣ್ಣ ಉದ್ದಿಮೆದಾರರು ಎಷ್ಟು ಎಚ್ಚರ ವಹಿಸುತ್ತಾರೆಂಬುದು ತಿಳಿದ ಸಂಗತಿಯೇ. ಮೋಟಾರು ಯಾವ ಕಂಪನಿಯದು, ಬೇರಿಂಗ್ ಎಲ್ಲಿ ದೊರೆಯುತ್ತದೆ, ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ಕೆಟ್ಟರೆ ಬಂದು ನೋಡುವವರು ಯಾರು ಎಂಬುದನ್ನೆಲ್ಲ ವಿಚಾರಿಸದೆ ಅವರು ಮುಂಗಡ ಕೊಡುವುದಿಲ್ಲ. ಆದರೆ ಅದೇ ಉದ್ದಿಮೆದಾರರು ಲಕ್ಷಾಂತರ ರೂಪಾಯಿ ವೆಚ್ಚದಲ್ಲಿ ತಂತ್ರಾಂಶ ಮಾಡಿಸುವಾಗ ಒಂದು ಪುಟದ ಕೊಟೇಶನ್ ನೋಡಿ ಒಪ್ಪಿಗೆ ನೀಡುವುದುಂಟು. ತಂತ್ರಾಂಶವೂ ಬಿಡಿಭಾಗಗಳಿಂದ ಕೂಡಿಸಿದ ವಸ್ತುವೇ ಎಂಬ ಅರಿವಿನ ಕೊರತೆಯೇ ಇದಕ್ಕೆ ಕಾರಣ. ಆ ಬಿಡಿಭಾಗಗಳಲ್ಲಿ ಹೆಚ್ಚಿನವನ್ನು ತಯಾರಕನು ತಾನೇ ಬರೆದಿರುವುದಿಲ್ಲ. ಬೇರೆಯವರಿಂದ ಎರವಲು ಪಡೆದಿರುತ್ತಾನೆ. ಹೀಗೆ ಎರವಲು ಪಡೆಯುವ ಸಿದ್ಧ ಸಂಕೇತದ ಕಟ್ಟಿಗೆ 'ಲೈಬ್ರರಿ' ಎಂದು ಹೆಸರು. ಪುಸ್ತಕಾಲಯಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಬಿಡಿಭಾಗಗಳ ಪೆಟ್ಟಿಗೆಯೆಂದು ತಿಳಿದರೆ ಸಾಕು.

ಈ ವಿಷಯವನ್ನು ವಿವರಿಸಲು ಬಹು ಆಟಗಾರರು ಅಂತರ್ಜಾಲದ ಮೂಲಕ ಒಟ್ಟಾಗಿ ಆಡುವ ಆಟದ ತಂತ್ರಾಂಶವನ್ನು ಉದಾಹರಣೆಯಾಗಿ ಆರಿಸಿಕೊಂಡಿದೆ. ಇಂತಹ ತಂತ್ರಾಂಶ ಒಂದೇ ಸಮಯಕ್ಕೆ ಹಲವು ಊರುಗಳ ಹಲವು ಫೋನುಗಳಲ್ಲಿ ನಡೆಯಬೇಕು, ಹಗಲೂ ರಾತ್ರಿಯೂ ನಡೆಯಬೇಕು. ಆದ್ದರಿಂದ ಎರವಲು ಭಾಗಗಳ ಗುಣದೋಷಗಳು ಇದರಲ್ಲಿ ಬೇಗನೆ ಬಯಲಾಗುತ್ತವೆ. ಇಲ್ಲಿ ಕಲಿತ ಪಾಠ ಡೀಲರುಗಳ ಆರ್ಡರ್ ಆ್ಯಪ್‌ಗೂ ಕಾರ್ಖಾನೆಯ ಉತ್ಪಾದನಾ ದಾಖಲೆಯ ತಂತ್ರಾಂಶಕ್ಕೂ ಅನ್ವಯಿಸುತ್ತದೆ.

1. ಒಂದು ಕಾಲ್ಪನಿಕ ಉದಾಹರಣೆ

ಮರದ ಆಟಿಕೆಗಳನ್ನು ತಯಾರಿಸುವ ಒಂದು ಸಣ್ಣ ಘಟಕವಿದೆಯೆಂದು ಭಾವಿಸೋಣ. ಚೌಕಾಬಾರದ ಮಣೆ, ಕಾಯಿ ಮತ್ತು ಕವಡೆಗಳ ಪೆಟ್ಟಿಗೆ ಅದರ ಮುಖ್ಯ ಉತ್ಪನ್ನ. ಪೆಟ್ಟಿಗೆಯೊಳಗೆ ಒಂದು ಗುಪ್ತಸಂಖ್ಯೆಯ ಚೀಟಿಯನ್ನಿಟ್ಟು, ಅದನ್ನು ನಮೂದಿಸಿದವರು ಮೊಬೈಲ್ ಫೋನಿನಲ್ಲಿಯೂ ಆಡುವಂತೆ ಮಾಡಬೇಕೆಂಬುದು ಮಾಲೀಕರ ಯೋಜನೆ. ಅಜ್ಜಿ ಮೈಸೂರಿನಲ್ಲಿ, ಮಗಳು ಮುಂಬಯಿಯಲ್ಲಿ, ಮೊಮ್ಮಕ್ಕಳು ದುಬೈಯಲ್ಲಿ. ನಾಲ್ವರೂ ಒಂದೇ ಮಣೆಯ ಸುತ್ತ ಕುಳಿತಂತೆ ಆಡಬೇಕು. ತಂತ್ರಾಂಶ ಸಂಸ್ಥೆಯೊಂದು ಆರು ಲಕ್ಷ ರೂಪಾಯಿಗಳ ಕೊಟೇಶನ್ ನೀಡುತ್ತದೆ. ಇದನ್ನು ಒಪ್ಪುವ ಮುನ್ನ ಮಾಲೀಕರು ಏನನ್ನು ಕೇಳಬೇಕು?

2. ಕ್ಲೈಂಟ್, ಸರ್ವರ್ ಮತ್ತು ನಡುವಿನ ಲೈಬ್ರರಿ

ಆಟಗಾರನ ಫೋನಿನಲ್ಲಿರುವ ಭಾಗಕ್ಕೆ ಕ್ಲೈಂಟ್ ಎಂದೂ, ಎಲ್ಲ ಆಟಗಾರರ ನಡೆಗಳನ್ನು ಸ್ವೀಕರಿಸಿ ಹಂಚುವ ಕೇಂದ್ರ ಗಣಕಯಂತ್ರಕ್ಕೆ ಸರ್ವರ್ ಎಂದೂ ಕರೆಯುತ್ತಾರೆ. ಕ್ಲೈಂಟ್ ಮಣೆಯ ಚಿತ್ರವನ್ನು ತೋರಿಸುತ್ತದೆ, ಬೆರಳಿನ ಸ್ಪರ್ಶವನ್ನು ಗ್ರಹಿಸುತ್ತದೆ. ಅಜ್ಜಿ ಕಾಯಿ ನಡೆಸಿದ ಸುದ್ದಿ ದುಬೈಗೆ ತಲುಪಬೇಕಾದರೆ ಅದು ಮೊದಲು ಸರ್ವರಿಗೆ ಹೋಗಿ ಅಲ್ಲಿಂದ ಉಳಿದ ಮೂವರಿಗೆ ಬರಬೇಕು.

ಈ ಸಾಗಣೆಯ ಕೆಲಸವನ್ನು ಪ್ರತಿಯೊಂದು ತಂತ್ರಾಂಶ ಸಂಸ್ಥೆಯೂ ಮೊದಲಿನಿಂದ ಬರೆಯುವುದಿಲ್ಲ. ಸಂಪರ್ಕ ಏರ್ಪಡಿಸುವುದು, ಸಂದೇಶವನ್ನು ಚಿಕ್ಕದಾಗಿ ಕಟ್ಟುವುದು, ಕಳೆದುಹೋದುದನ್ನು ಮತ್ತೆ ಕಳುಹಿಸುವುದು, ನಾಲ್ವರನ್ನು ಒಂದು ಕೋಣೆಗೆ ಸೇರಿಸುವುದು, ನೆಟ್‌ವರ್ಕ್ ಹೋಗಿ ಬಂದವನಿಗೆ ಆಟದ ಸದ್ಯದ ಸ್ಥಿತಿಯನ್ನು ತಿಳಿಸುವುದು - ಇವೆಲ್ಲಕ್ಕೂ ಸಿದ್ಧ ಲೈಬ್ರರಿಗಳಿವೆ. ಹಲವು ವರ್ಷ ಸಹಸ್ರಾರು ಜನರ ಬಳಕೆಯಲ್ಲಿ ಪಳಗಿದ ಲೈಬ್ರರಿಯನ್ನು ಬಳಸುವುದು ಸರಿಯಾದ ಕ್ರಮವೂ ಹೌದು. ನಟ್ಟು-ಬೋಲ್ಟುಗಳನ್ನು ತಾನೇ ಎರಕ ಹೊಯ್ಯುವ ಯಂತ್ರ ತಯಾರಕನನ್ನು ಯಾರೂ ಮೆಚ್ಚುವುದಿಲ್ಲ. ಯಾವ ಬೋಲ್ಟ್ ಹಾಕಿದ್ದೀರಿ ಎಂದು ಕೇಳಿದಾಗ ಉತ್ತರವಿರಬೇಕು, ಅಷ್ಟೆ.

3. ಸರಕಿಗೆ ತಕ್ಕ ವಾಹನ

ಅಂತರ್ಜಾಲದಲ್ಲಿ ಸಂದೇಶ ಸಾಗಿಸಲು ಎರಡು ಮುಖ್ಯ ಪದ್ಧತಿಗಳಿವೆ. ಒಂದು ಟಿಸಿಪಿ, ಇನ್ನೊಂದು ಯುಡಿಪಿ. ಯುಡಿಪಿಯ ವಿಧಿಗಳು 1980ರಲ್ಲಿಯೂ, ಟಿಸಿಪಿಯ ವಿಧಿಗಳು ಬಹುಕಾಲ ಬಳಕೆಯಲ್ಲಿದ್ದ ರೂಪದಲ್ಲಿ 1981ರಲ್ಲಿಯೂ ಪ್ರಕಟವಾದವು. ಟಿಸಿಪಿಯು ಕ್ರಮಸಂಖ್ಯೆಯ ಡೆಲಿವರಿ ಚಲನ್ ಇದ್ದಂತೆ. ಏಳನೆಯ ಚಲನ್ ಬರುವವರೆಗೆ ಎಂಟನೆಯದನ್ನು ಗೋದಾಮಿನೊಳಗೆ ಬಿಡುವುದಿಲ್ಲ. ಏಳನೆಯದು ದಾರಿಯಲ್ಲಿ ಕಳೆದರೆ ಅದನ್ನು ಮತ್ತೆ ತರಿಸುವ ತನಕ ಉಳಿದವು ಬಾಗಿಲಲ್ಲೇ ಕಾಯುತ್ತವೆ. ಯುಡಿಪಿಯು ಮಾರುಕಟ್ಟೆಯ ಧಾರಣೆ ಚೀಟಿಯಂತೆ. ಹತ್ತು ಗಂಟೆಯ ಚೀಟಿ ಬರದಿದ್ದರೂ ಹತ್ತೂಕಾಲರದು ಕೈಸೇರಿದರೆ ಸಾಕು. ಹಳೆಯ ಧಾರಣೆ ಈಗ ಯಾರಿಗೂ ಬೇಡ.

ಕಾರು ಓಟ ಅಥವಾ ಗುಂಡು ಹಾರಿಸುವ ಆಟಗಳಲ್ಲಿ ಆಟಗಾರನ ಸ್ಥಾನ ಸೆಕೆಂಡಿಗೆ ಹತ್ತಾರು ಬಾರಿ ಬದಲಾಗುತ್ತದೆ. ಅಲ್ಲಿ ಹಳೆಯ ಸ್ಥಾನಕ್ಕಾಗಿ ಕಾಯುವುದು ನಷ್ಟ. ಆದ್ದರಿಂದ ಯುಡಿಪಿಯ ಮೇಲೆ, ಅಗತ್ಯವಿದ್ದ ಸಂದೇಶಗಳಿಗೆ ಮಾತ್ರ ಖಾತರಿ ಕೊಡುವ ಲೈಬ್ರರಿಗಳನ್ನು ಬಳಸುತ್ತಾರೆ. 'ಕ್ಯೂಬ್' ಎಂಬ ಆಟಕ್ಕಾಗಿ ರೂಪುಗೊಂಡ 'ಇನೆಟ್' ಹಾಗೂ ವಾಲ್ವ್ ಸಂಸ್ಥೆ 2018ರಲ್ಲಿ ಮುಕ್ತಗೊಳಿಸಿದ 'ಗೇಮ್‌ನೆಟ್‌ವರ್ಕಿಂಗ್‌ಸಾಕೆಟ್ಸ್' ಈ ವರ್ಗಕ್ಕೆ ಸೇರಿದವು.

ಚೌಕಾಬಾರದಲ್ಲಿ ಒಬ್ಬರಾದ ಮೇಲೆ ಒಬ್ಬರು ಗರ ಹಾಕುತ್ತಾರೆ. ನಿಮಿಷಕ್ಕೆ ಕೆಲವೇ ಸಂದೇಶಗಳು. ಆದರೆ ಒಂದೂ ತಪ್ಪುವಂತಿಲ್ಲ, ಕ್ರಮವೂ ಕೆಡುವಂತಿಲ್ಲ. ಇದಕ್ಕೆ ಟಿಸಿಪಿ ಆಧಾರಿತ ಸರಳ ಲೈಬ್ರರಿ ಧಾರಾಳವಾಗಿ ಸಾಲುತ್ತದೆ. ಒಂದು ಮೂಟೆ ಅಕ್ಕಿ ಸಾಗಿಸಲು ಹದಿನಾರು ಚಕ್ರದ ಲಾರಿ ಬೇಕಿಲ್ಲ. ಕೊಟೇಶನ್‌ನಲ್ಲಿ ದುಬಾರಿ ಲೈಬ್ರರಿಯ ಹೆಸರಿದ್ದರೆ "ನಮ್ಮ ಆಟಕ್ಕೆ ಇದು ಏಕೆ ಬೇಕು?" ಎಂದು ಕೇಳುವುದು ಕೊಳ್ಳುವವರ ಹಕ್ಕು.

ವೇಗದ ವಿಷಯದಲ್ಲಿ ಇನ್ನೊಂದು ಮಾತು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಬೆಂಗಳೂರಿನಿಂದ ಸಿಂಗಪುರ ಸರಿಸುಮಾರು 3,200 ಕಿ.ಮೀ. ತಂತಿ ನೇರವಾಗಿದ್ದರೂ ಹೋಗಿ ಬರಲು 32 ಮಿಲಿಸೆಕೆಂಡು ಬೇಕೇ ಬೇಕು; ವಾಸ್ತವದಲ್ಲಿ ಇನ್ನೂ ಹೆಚ್ಚು. ಯಾವ ಲೈಬ್ರರಿಯೂ ಇದನ್ನು ಕಡಿಮೆ ಮಾಡಲಾರದು. 1996ರಲ್ಲಿ 'ಕ್ವೇಕ್‌ವರ್ಲ್ಡ್' ಆಟಕ್ಕಾಗಿ ಜಾನ್ ಕಾರ್ಮ್ಯಾಕ್ ಅವರು ಮಾಡಿದಂತೆ, ಸರ್ವರಿನ ಉತ್ತರ ಬರುವ ಮುನ್ನವೇ ಕ್ಲೈಂಟ್ ಮುಂದಿನ ಸ್ಥಿತಿಯನ್ನು ಊಹಿಸಿ ತೋರಿಸಿ, ಅನಂತರ ಸರಿಪಡಿಸಿಕೊಳ್ಳಬಹುದು. ವಿಳಂಬ ಕಣ್ಣಿಗೆ ಬೀಳದಂತೆ ಮಾಡುವ ಉಪಾಯವಿದು.

4. ತಕ್ಕಡಿ ಯಾರ ಕೈಯಲ್ಲಿ?

ಕವಡೆ ಎಸೆಯುವವರು ಯಾರು? ಇದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ ನಿಜವಾಗಿ ವ್ಯಾಪಾರದ ಪ್ರಶ್ನೆ. ಆಟಗಾರನ ಫೋನೇ ಗರ ಹಾಕಿ "ನನಗೆ ಬಾರ ಬಿತ್ತು" ಎಂದು ಸರ್ವರಿಗೆ ತಿಳಿಸುವಂತಿದ್ದರೆ, ಫೋನಿನ ತಂತ್ರಾಂಶವನ್ನು ತಿದ್ದಬಲ್ಲವನಿಗೆ ಪ್ರತಿ ಸಲವೂ ಎಂಟೇ ಬೀಳುತ್ತದೆ. ಮಾರುವವನೇ ತನ್ನ ತಕ್ಕಡಿಯಲ್ಲಿ ತೂಗಿ ತಾನೇ ಚೀಟಿ ಬರೆದುಕೊಟ್ಟಂತೆ! ಗರವನ್ನು ಸರ್ವರ್ ಹಾಕಬೇಕು. ಕಾಯಿ ಎಷ್ಟು ಮನೆ ನಡೆಯಿತು, ಯಾವ ಕಾಯಿಯನ್ನು ಕಡಿಯಿತು ಎಂಬುದನ್ನೂ ಸರ್ವರೇ ಪರಿಶೀಲಿಸಬೇಕು. ಕ್ಲೈಂಟ್ ಕೋರಿಕೆ ಸಲ್ಲಿಸಬಹುದು, ತೀರ್ಪು ಕೊಡಬಾರದು.

ಕೆಲವು ಲೈಬ್ರರಿಗಳು ಆಟಗಾರರ ನಡುವೆ ಸಂದೇಶವನ್ನು ಸುಮ್ಮನೆ ದಾಟಿಸುತ್ತವೆ, ಪರಿಶೀಲಿಸುವುದಿಲ್ಲ. ಇವು ಅಗ್ಗವಾಗಿಯೂ ಸುಲಭವಾಗಿಯೂ ಇರುತ್ತವೆ. ಇನ್ನು ಕೆಲವು ಆಟದ ನಿಯಮವನ್ನು ಸರ್ವರಿನಲ್ಲಿ ಬರೆಯಲು ಅವಕಾಶ ಕೊಡುತ್ತವೆ. ಮುಕ್ತ ಪರವಾನಗಿಯ 'ಕಾಲಿಸಿಯಸ್' ಮತ್ತು 'ನಕಾಮಾ' ಇದಕ್ಕೆ ಉದಾಹರಣೆಗಳು. ಮನೆಮಂದಿಯ ಆಟಕ್ಕೆ ಮೊದಲ ಬಗೆಯೂ ನಡೆದೀತು; ಬಹುಮಾನವಿರುವ ಪಂದ್ಯಾವಳಿ ನಡೆಸುವ ಉದ್ದೇಶವಿದ್ದರೆ ಎರಡನೆಯದೇ ಬೇಕು. ಇದೇ ನಿಯಮ ಡೀಲರ್ ಆ್ಯಪ್‌ಗೂ ಸಲ್ಲುತ್ತದೆ. ರಿಯಾಯಿತಿ ದರವನ್ನು ಡೀಲರ್‌ನ ಫೋನು ಲೆಕ್ಕ ಹಾಕಿ ಕಳುಹಿಸುತ್ತಿದೆಯೋ, ಕಂಪನಿಯ ಸರ್ವರ್ ಲೆಕ್ಕ ಹಾಕುತ್ತಿದೆಯೋ ಎಂಬುದನ್ನು ಇಂದೇ ವಿಚಾರಿಸಿ ನೋಡಿ.

5. ಪರವಾನಗಿಯ ಬಗೆಗಳು

ಉಚಿತವಾಗಿ ದೊರೆತ ಲೈಬ್ರರಿಗೂ ಷರತ್ತುಗಳಿರುತ್ತವೆ. ಸ್ಥೂಲವಾಗಿ ಇವನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಅ) ಉದಾರ ಪರವಾನಗಿಗಳು: ಎಂಐಟಿ, ಬಿಎಸ್‌ಡಿ, ಝಡ್‌ಲಿಬ್, ಅಪಾಚೆ 2.0 ಮುಂತಾದವು. ವಾಣಿಜ್ಯ ಬಳಕೆಗೆ ಅಡ್ಡಿಯಿಲ್ಲ. ಸಾಮಾನ್ಯವಾಗಿ ಮೂಲ ಲೇಖಕರ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು.

ಆ) ಹಂಚಿಕೆಯ ಷರತ್ತುಳ್ಳ ಪರವಾನಗಿಗಳು: ಜಿಪಿಎಲ್ ಮತ್ತು ಅದರ ಬಳಗ. ಜಿಪಿಎಲ್ ಲೈಬ್ರರಿಯನ್ನು ಸೇರಿಸಿ ಮಾಡಿದ ತಂತ್ರಾಂಶವನ್ನು ಇತರರಿಗೆ ವಿತರಿಸಿದರೆ, ಇಡೀ ತಂತ್ರಾಂಶದ ಮೂಲಸಂಕೇತವನ್ನು ಅದೇ ಷರತ್ತಿನ ಮೇಲೆ ಅವರಿಗೆ ಒದಗಿಸಬೇಕಾಗುತ್ತದೆ. ಎಲ್‌ಜಿಪಿಎಲ್ ಇದಕ್ಕಿಂತ ಸಡಿಲ. ಎಜಿಪಿಎಲ್ ಇನ್ನೂ ಬಿಗಿ. ತಿದ್ದಿದ ತಂತ್ರಾಂಶವನ್ನು ಸರ್ವರಿನಲ್ಲಿಟ್ಟು ಸೇವೆ ಒದಗಿಸಿದರೂ ಎಜಿಪಿಎಲ್ ಷರತ್ತು ಅನ್ವಯಿಸುತ್ತದೆ.

ಇ) ವಾಣಿಜ್ಯ ಪರವಾನಗಿಗಳು: ಹಣ ಕೊಟ್ಟು ಪಡೆಯುವಂಥವು. ದರ ನಿಗದಿಯ ಆಧಾರ ಒಂದೊಂದರಲ್ಲಿ ಒಂದೊಂದು ಬಗೆ.

ಒಂದೇ ಲೈಬ್ರರಿಯ ಬೇರೆ ಬೇರೆ ಆವೃತ್ತಿಗಳಿಗೆ ಬೇರೆ ಬೇರೆ ಷರತ್ತುಗಳಿರಬಹುದು. ಆಟಗಳಿಗೆ ಚಿತ್ರ, ಧ್ವನಿ ಮುಂತಾದವನ್ನು ಒದಗಿಸುವ 'ಎಸ್‌ಡಿಎಲ್' ಲೈಬ್ರರಿಯ 1.2 ಆವೃತ್ತಿ ಎಲ್‌ಜಿಪಿಎಲ್ ಅಡಿಯಲ್ಲಿತ್ತು, 2.0 ಆವೃತ್ತಿ ಝಡ್‌ಲಿಬ್ ಅಡಿಗೆ ಬಂದಿತು. ಆದ್ದರಿಂದ ಲೈಬ್ರರಿಯ ಹೆಸರಿನೊಂದಿಗೆ ಆವೃತ್ತಿಯ ಸಂಖ್ಯೆಯನ್ನೂ ಬರೆಸಿಕೊಳ್ಳಬೇಕು.

6. ಪೂರೈಕೆದಾರ ನಿಂತಾಗ, ನಿಲುವು ಬದಲಿಸಿದಾಗ

ಈ ಉದ್ಯಮದ ನಾಲ್ಕು ಘಟನೆಗಳು ನಮಗೆ ಪಾಠವಾಗಬಲ್ಲವು.

ಮೊದಲನೆಯದು: 'ಗೇಮ್‌ಸ್ಪೈ' ಎಂಬ ಸೇವೆಯು ಆಟಗಾರರನ್ನು ಒಂದೆಡೆ ಸೇರಿಸುವ ಕೆಲಸವನ್ನು ನೂರಾರು ಆಟಗಳಿಗೆ ಮಾಡಿಕೊಡುತ್ತಿತ್ತು. ಆಟದ ತಯಾರಕರು ಅದರ ಸಂಕೇತವನ್ನು ತಮ್ಮ ಕ್ಲೈಂಟಿನಲ್ಲಿ ಸೇರಿಸಿಕೊಂಡಿದ್ದರು. ಸೇವೆಯ ಒಡೆತನ 2012ರಲ್ಲಿ ಕೈ ಬದಲಾಯಿತು. 2014ರ ಮೇ 31ರಂದು ಸೇವೆ ನಿಂತಿತು. 'ಬ್ಯಾಟಲ್‌ಫೀಲ್ಡ್ 2' ಸೇರಿದಂತೆ ಅನೇಕ ಆಟಗಳ ಅಧಿಕೃತ ಆನ್‌ಲೈನ್ ಸೌಲಭ್ಯ ಆ ವರ್ಷವೇ ಕೊನೆಗೊಂಡಿತು. ಕೆಲವು ತಯಾರಕರು ಹಣ ವ್ಯಯಿಸಿ ಬೇರೆ ಸೇವೆಗೆ ವರ್ಗಾಯಿಸಿಕೊಂಡರು. ಆಟದಲ್ಲಿ ದೋಷವಿರಲಿಲ್ಲ, ಅದು ನಿಂತಿದ್ದ ನೆಲ ಬೇರೆಯವರದಾಗಿತ್ತು.

ಎರಡನೆಯದು: ಆಟ ತಯಾರಿಕೆಯಲ್ಲಿ ಬಹಳ ಬಳಕೆಯಲ್ಲಿರುವ 'ಯೂನಿಟಿ' ಸಂಸ್ಥೆಯು 2023ರ ಸೆಪ್ಟೆಂಬರ್ 12ರಂದು ಹೊಸ ಶುಲ್ಕವನ್ನು ಪ್ರಕಟಿಸಿತು. ನಿಗದಿತ ಆದಾಯ ಮತ್ತು ಸಂಖ್ಯೆಯ ಮಿತಿ ದಾಟಿದ ಆಟಗಳು 2024ರ ಜನವರಿ 1ರಿಂದ ಪ್ರತಿ ಹೊಸ ಸ್ಥಾಪನೆಗೂ ಶುಲ್ಕ ತೆರಬೇಕೆಂಬುದು ಅದರ ಸಾರ. ಮಾರಾಟವಾಗಿ ವರ್ಷಗಳಾದ ಆಟಗಳಿಗೂ ಇದು ತಗಲುವಂತಿತ್ತು. ತೀವ್ರ ವಿರೋಧ ಬಂದುದರಿಂದ ಹತ್ತೇ ದಿನಗಳಲ್ಲಿ ಷರತ್ತು ಸಡಿಲಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಶುಲ್ಕವನ್ನು ರದ್ದುಗೊಳಿಸಿತು. ಆದರೆ ಆ ಒಂದು ವರ್ಷ ಸಣ್ಣ ತಯಾರಕರಿಗೆ ತಮ್ಮ ಉತ್ಪನ್ನದ ತಯಾರಿಕಾ ವೆಚ್ಚವೇ ಖಚಿತವಿರಲಿಲ್ಲ.

ಮೂರನೆಯದು: ಅದೇ ಯೂನಿಟಿಯ 'ಯುನೆಟ್' ಎಂಬ ಬಹು ಆಟಗಾರರ ಲೈಬ್ರರಿಯನ್ನು ಕೈಬಿಡುವ ನಿರ್ಧಾರ 2018ರಲ್ಲಿ ಪ್ರಕಟವಾಯಿತು. ಅದರ ಮೇಲ್ಪದರದ ಮೂಲಸಂಕೇತ ಲಭ್ಯವಿದ್ದುದರಿಂದ ಬಳಕೆದಾರರೇ ಅದನ್ನು ಮುಂದುವರಿಸಿ 'ಮಿರರ್' ಎಂಬ ಹೆಸರಿನಲ್ಲಿ ಎಂಐಟಿ ಪರವಾನಗಿಯಡಿ ಬೆಳೆಸಿದರು. ಮೂಲಸಂಕೇತ ಕೈಯಲ್ಲಿದ್ದರೆ ಪೂರೈಕೆದಾರ ಹೋದರೂ ದಾರಿ ಉಳಿಯುತ್ತದೆ. ಆದರೆ ಮೂಲಸಂಕೇತ ಸಿಕ್ಕಿತೆಂದ ಮಾತ್ರಕ್ಕೆ ದುರಸ್ತಿ ಮಾಡುವವರು ಸಿಕ್ಕರೆಂದಲ್ಲ. 'ರ‍್ಯಾಕ್‌ನೆಟ್' ಎಂಬ ಪ್ರಸಿದ್ಧ ಲೈಬ್ರರಿಯನ್ನು ಆಕ್ಯುಲಸ್ ಸಂಸ್ಥೆ 2014ರಲ್ಲಿ ಕೊಂಡು ಬಿಎಸ್‌ಡಿ ಪರವಾನಗಿಯಡಿ ಮುಕ್ತಗೊಳಿಸಿತು. ಅನಂತರ ಅದರ ಅಧಿಕೃತ ನಿರ್ವಹಣೆ ಮುಂದುವರಿಯಲಿಲ್ಲ.

ನಾಲ್ಕನೆಯದು ಅತ್ಯಂತ ಗಂಭೀರವಾದದ್ದು. 'ಲಾಗ್4ಜೆ' ಎಂಬುದು ತಂತ್ರಾಂಶದಲ್ಲಿ ನಡೆದುದನ್ನೆಲ್ಲ ದಿನಚರಿಯಂತೆ ಬರೆದಿಡುವ ಪುಟ್ಟ ಉಚಿತ ಲೈಬ್ರರಿ. ಅದರಲ್ಲೊಂದು ದೋಷವಿರುವುದು 2021ರ ಡಿಸೆಂಬರ್‌ನಲ್ಲಿ ಬಯಲಾಯಿತು. 'ಮೈನ್‌ಕ್ರಾಫ್ಟ್' ಆಟದ ಜಾವಾ ಆವೃತ್ತಿಯಲ್ಲಿ ಯಾರಾದರೂ ಹರಟೆಯ ಪೆಟ್ಟಿಗೆಯಲ್ಲಿ ವಿಶಿಷ್ಟವಾದ ಒಂದು ಸಾಲನ್ನು ಟೈಪ್ ಮಾಡಿದರೆ, ಅದನ್ನು ದಿನಚರಿಗೆ ಬರೆದುಕೊಳ್ಳಲು ಹೋದ ಗಣಕಯಂತ್ರವು ದಾಳಿಕೋರನ ಸಂಕೇತವನ್ನು ತರಿಸಿಕೊಂಡು ನಡೆಸಿಬಿಡುತ್ತಿತ್ತು. ಸರ್ವರಿಗೂ ಅಪಾಯ, ಆಟಗಾರನ ಕ್ಲೈಂಟಿಗೂ ಅಪಾಯ. ತೀವ್ರತೆಯ ಅಳತೆಗೋಲಿನಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ ದೊರೆಯಿತು. ಮೈನ್‌ಕ್ರಾಫ್ಟ್ ತಯಾರಕರು ಡಿಸೆಂಬರ್ 10ರಂದೇ ಸರಿಪಡಿಸಿದ ಆವೃತ್ತಿಯನ್ನು ಹೊರತಂದರು. ಅವರ ತಂತ್ರಾಂಶದಲ್ಲಿ ಆ ಲೈಬ್ರರಿ ಇದೆಯೆಂಬುದು ಅವರಿಗೆ ತಿಳಿದಿತ್ತು. ಆಟದ ಲೋಕದ ಹೊರಗೆ, ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿ ಅದೇ ಲೈಬ್ರರಿ ಎಲ್ಲೆಲ್ಲಿ ಹುದುಗಿದೆಯೆಂದು ಹುಡುಕುವುದೇ ಎಷ್ಟೋ ಸಂಸ್ಥೆಗಳಿಗೆ ವಾರಗಟ್ಟಲೆಯ ಕೆಲಸವಾಯಿತು.

ಬಿಡಿಭಾಗಗಳ ಪಟ್ಟಿಯ ಬೆಲೆ ಇಲ್ಲಿ ತಿಳಿಯುತ್ತದೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2024ರ ಅಕ್ಟೋಬರ್‌ನಲ್ಲಿ ತಂತ್ರಾಂಶದ ಬಿಡಿಭಾಗಗಳ ಪಟ್ಟಿಯನ್ನು ಸಿದ್ಧಪಡಿಸುವ ಕುರಿತು ತಾಂತ್ರಿಕ ಮಾರ್ಗಸೂಚಿಯನ್ನು ಹೊರಡಿಸಿದೆ. ಸಣ್ಣ ಉದ್ದಿಮೆದಾರರು ಅದೆಲ್ಲವನ್ನೂ ಅರೆದು ಕುಡಿಯಬೇಕಿಲ್ಲ. "ಪಟ್ಟಿ ಕೊಡಿ" ಎಂದು ಕೇಳಿದರೆ ಸಾಕು.

7. ಬೆಲೆ ಮತ್ತು ನಿರಂತರ ವೆಚ್ಚ

ಆರು ಲಕ್ಷವೆಂಬುದು ಕಟ್ಟಡದ ಬೆಲೆ ಮಾತ್ರ. ಅದರಲ್ಲಿ ವಿದ್ಯುತ್ ಬಿಲ್ಲು ಸೇರಿಲ್ಲ. ಹ್ಯಾಂಬರ್ಗ್‌ನ ಎಕ್ಸಿಟ್ ಗೇಮ್ಸ್ ಸಂಸ್ಥೆಯ 'ಫೋಟಾನ್' ಸೇವೆಯಂತಹವುಗಳಲ್ಲಿ ಶುಲ್ಕಕ್ಕೆ ಮುಖ್ಯ ಆಧಾರ, ಏಕಕಾಲಕ್ಕೆ ಸಂಪರ್ಕದಲ್ಲಿರುವ ಆಟಗಾರರ ಗರಿಷ್ಠ ಸಂಖ್ಯೆ. ನಮ್ಮ ಕಾರ್ಖಾನೆಗಳ ವಿದ್ಯುತ್ ಬಿಲ್ಲಿನ ಗರಿಷ್ಠ ಬೇಡಿಕೆಯ ಶುಲ್ಕವನ್ನು ಬಲ್ಲವರಿಗೆ ಇದು ಹೊಸತಲ್ಲ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 1,000 ಜನರು ತಲಾ 20 ನಿಮಿಷ ಆಡುತ್ತಾರೆಂದು ಇಟ್ಟುಕೊಳ್ಳಿ. ಒಟ್ಟು 20,000 ನಿಮಿಷ. ದಿನದ 1,440 ನಿಮಿಷಗಳಿಗೆ ಸಮನಾಗಿ ಹಂಚಿದರೆ ಯಾವುದೇ ಕ್ಷಣದಲ್ಲಿ ಇರುವವರು ಸರಾಸರಿ 14 ಜನ. ಆದರೆ ಮನೆಮಂದಿ ಆಡುವುದು ರಾತ್ರಿ 8ರಿಂದ 10ರವರೆಗೆ. ಎಲ್ಲರೂ ಆ 120 ನಿಮಿಷಗಳಲ್ಲೇ ಬಂದರೆ 20,000 ಭಾಗಿಸು 120, ಅಂದರೆ ಸುಮಾರು 167 ಜನ. ಸರಾಸರಿಯ ಹನ್ನೆರಡು ಪಟ್ಟು! ದೀಪಾವಳಿಯ ರಜೆಯಲ್ಲಿ ಇದು ಇನ್ನೂ ಏರಬಹುದು. ಮಾರಾಟಗಾರ ತೋರಿಸುವ ಅಂದಾಜು ಸರಾಸರಿಯ ಮೇಲಿದೆಯೋ, ಗರಿಷ್ಠದ ಮೇಲಿದೆಯೋ ಎಂದು ಕೇಳಬೇಕು.

ಇಲ್ಲೊಂದು ವ್ಯಾಪಾರದ ಸೂಕ್ಷ್ಮವಿದೆ. ಮರದ ಪೆಟ್ಟಿಗೆಯ ಆದಾಯ ಮಾರಿದ ದಿನ ಒಂದು ಸಲ ಬರುತ್ತದೆ. ಸರ್ವರ್ ವೆಚ್ಚ ಆ ಗ್ರಾಹಕ ಆಡುವಷ್ಟು ವರ್ಷವೂ ಬರುತ್ತದೆ. ಉತ್ಪನ್ನ ಜನಪ್ರಿಯವಾದಷ್ಟೂ ವೆಚ್ಚ ಏರುತ್ತದೆ. ಆದ್ದರಿಂದ ಪೆಟ್ಟಿಗೆಯ ಬೆಲೆ ನಿಗದಿ ಮಾಡುವಾಗಲೇ, ಸೇವೆಯನ್ನು ಎಷ್ಟು ವರ್ಷ ನಡೆಸುತ್ತೇವೆಂದು ನಿರ್ಧರಿಸಿ, ಅಷ್ಟು ವರ್ಷಗಳ ವೆಚ್ಚವನ್ನು ಬೆಲೆಯಲ್ಲಿ ಸೇರಿಸಬೇಕು. ಆ ಅವಧಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಗ್ರಾಹಕರೊಂದಿಗೆ ಪ್ರಾಮಾಣಿಕ ವ್ಯವಹಾರ.

8. ಲೆಕ್ಕಪತ್ರ ಮತ್ತು ತೆರಿಗೆ

ಲೆಕ್ಕಪತ್ರ ಮಾನಕ 26 ಅನ್ವಯಿಸುವ ಸಂಸ್ಥೆಗಳಲ್ಲಿ, ಗುರುತಿಸಬಹುದಾದ, ತನ್ನ ನಿಯಂತ್ರಣದಲ್ಲಿರುವ, ಮುಂದೆ ಲಾಭ ತರಬಲ್ಲ ತಂತ್ರಾಂಶವನ್ನು ಅಮೂರ್ತ ಆಸ್ತಿಯಾಗಿ ತೋರಿಸಬಹುದು. 'ನಿಯಂತ್ರಣ' ಎಂಬ ಪದ ಇಲ್ಲಿ ಮುಖ್ಯ. ಮಾಡಿಸಿಕೊಂಡ ಕ್ಲೈಂಟ್ ತಂತ್ರಾಂಶ ಆಸ್ತಿಯಾಗಬಹುದು. ತಿಂಗಳು ತಿಂಗಳು ಶುಲ್ಕ ಕಟ್ಟುವ ಸೇವೆ ಆಯಾ ವರ್ಷದ ಖರ್ಚೇ ಆಗುತ್ತದೆ. ತಂತ್ರಾಂಶದ ಉಪಯುಕ್ತ ಆಯುಷ್ಯ ಚಿಕ್ಕದೆಂದು ಆ ಮಾನಕವೇ ಎಚ್ಚರಿಸುತ್ತದೆ. ಆದಾಯ ತೆರಿಗೆಯಲ್ಲಿ ಗಣಕಯಂತ್ರ ಮತ್ತು ತಂತ್ರಾಂಶದ ಸವಕಳಿ ದರವನ್ನು 2017ರ ಏಪ್ರಿಲ್ 1ರಿಂದ ಶೇಕಡಾ 60ರಿಂದ 40ಕ್ಕೆ ಇಳಿಸಲಾಯಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಕಲಮುಗಳ ಸಂಖ್ಯೆಯನ್ನು ತಮ್ಮ ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳತಕ್ಕದ್ದು.

ಲೈಬ್ರರಿ ಅಥವಾ ಸರ್ವರ್ ಸೇವೆಯನ್ನು ವಿದೇಶಿ ಸಂಸ್ಥೆಯಿಂದ ನೇರವಾಗಿ ಕೊಂಡು ಕಾರ್ಡಿನಿಂದ ಹಣ ಕಟ್ಟಿದರೂ ಅದು ಸೇವೆಯ ಆಮದು. ಜಿಎಸ್‌ಟಿಯಲ್ಲಿ ರಿವರ್ಸ್ ಚಾರ್ಜ್ ಪದ್ಧತಿಯಡಿ ಕೊಂಡವರೇ ಐಜಿಎಸ್‌ಟಿ ಪಾವತಿಸಬೇಕು. ತಂತ್ರಾಂಶ ಸೇವೆಗಳಿಗೆ ದರ ಶೇಕಡಾ 18. ಇದನ್ನು ಹೂಡುವಳಿ ತೆರಿಗೆಯ ಜಮೆಯಿಂದ ತೀರಿಸಲಾಗದು, ನಗದಾಗಿಯೇ ಕಟ್ಟಬೇಕು. ಸಾಮಾನ್ಯ ನೋಂದಣಿಯುಳ್ಳವರು ಅನಂತರ ಜಮೆ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಆ ಅವಕಾಶವಿಲ್ಲದ್ದರಿಂದ ಅದು ಪೂರ್ಣ ವೆಚ್ಚ. ವಹಿವಾಟಿನ ಮಿತಿಯೊಳಗಿದ್ದು ನೋಂದಣಿಯಿಂದ ಹೊರಗಿರುವವರಿಗೂ ರಿವರ್ಸ್ ಚಾರ್ಜ್ ಹೊಣೆಯಿಂದಾಗಿ ನೋಂದಣಿ ಕಡ್ಡಾಯವಾಗಬಹುದು. ಕ್ರೆಡಿಟ್ ಕಾರ್ಡಿನ ಪಟ್ಟಿಯಲ್ಲಿ ಒಂದು ಸಾಲಾಗಿ ಮಾತ್ರ ಕಾಣುವ ಇಂತಹ ಪಾವತಿಗಳು ಲೆಕ್ಕದಿಂದ ತಪ್ಪಿಹೋಗುವ ಸಾಧ್ಯತೆ ಹೆಚ್ಚು.

ವಿದೇಶಿ ಪಾವತಿಯ ಮೂಲದಲ್ಲಿ ತೆರಿಗೆ ಕಡಿತದ ಬಗ್ಗೆ ಬಹುಕಾಲ ವಿವಾದವಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಮೇಲ್ಮನವಿಯಾಗಿ ಹೋದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ತೀರ್ಪಿತ್ತಿತು. ಹಕ್ಕುಸ್ವಾಮ್ಯವನ್ನೇ ವರ್ಗಾಯಿಸದೆ ತಂತ್ರಾಂಶವನ್ನು ಬಳಸಲು ಅಥವಾ ಮರುಮಾರಾಟ ಮಾಡಲು ಕೊಟ್ಟ ಹಣ ತೆರಿಗೆ ಒಪ್ಪಂದಗಳ ಅರ್ಥದಲ್ಲಿ ರಾಯಧನವಲ್ಲ ಎಂಬುದು ಅದರ ಸಾರಾಂಶ. ಆದರೆ ಲೈಬ್ರರಿಯನ್ನು ತಮ್ಮ ಉತ್ಪನ್ನದಲ್ಲಿ ಸೇರಿಸಿ ಪ್ರತಿಗಳನ್ನು ಮಾಡಿ ಹಂಚುವ ಹಕ್ಕನ್ನು ಪಡೆದಿದ್ದರೆ ಆ ಒಪ್ಪಂದದ ಶಬ್ದಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

9. ಒಡೆತನ ಮತ್ತು ಕಾನೂನಿನ ಎಲ್ಲೆ

"ಹಣ ಕೊಟ್ಟವನು ನಾನು, ತಂತ್ರಾಂಶ ನನ್ನದು" ಎಂಬ ನಂಬಿಕೆ ಸಾಮಾನ್ಯ. 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕಯಂತ್ರದ ತಂತ್ರಾಂಶವನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುತ್ತದೆ. ತನ್ನ ನೌಕರ ಕೆಲಸದ ಭಾಗವಾಗಿ ಬರೆದುದು ಮಾಲೀಕನದು. ಹೊರಗಿನ ಗುತ್ತಿಗೆದಾರ ಬರೆದುದು, ಬರಹದ ಮೂಲಕ ವರ್ಗಾವಣೆಯಾಗದ ಹೊರತು, ಸಾಮಾನ್ಯವಾಗಿ ಅವನದೇ. ಆ ಕಾಯಿದೆಯ 19ನೆಯ ಕಲಮಿನಂತೆ ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ. ದುಬೈಯ ಮೊಮ್ಮಕ್ಕಳಿಗೂ ಆಟ ತಲುಪಬೇಕಾದರೆ ಈ ಎರಡು ಪದಗಳನ್ನು ಪತ್ರದಲ್ಲಿ ಬರೆಸಲೇಬೇಕು. ಎರವಲು ಲೈಬ್ರರಿಗಳ ಒಡೆತನ ಮಾತ್ರ ಎಂದಿಗೂ ನಮ್ಮದಾಗುವುದಿಲ್ಲ. ಬಳಸುವ ಅನುಮತಿಯಷ್ಟೇ ನಮ್ಮದು.

ಆಟಕ್ಕೆ ಹಣದ ಪಣವನ್ನು ಸೇರಿಸುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲಿಯೇ ಬಿಡುವುದು ಲೇಸು. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಪಣವಿಡುವ ಆಟಗಳನ್ನು, ಕೌಶಲ್ಯದ ಆಟ ಅದೃಷ್ಟದ ಆಟ ಎಂಬ ಭೇದವಿಲ್ಲದೆ, ನಿಷೇಧಿಸುತ್ತದೆ. ಇದಲ್ಲದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ 18 ವರ್ಷದೊಳಗಿನವರೆಲ್ಲರೂ ಮಕ್ಕಳೇ. ಅವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಆ ಕಾಯಿದೆ ಕೇಳುತ್ತದೆ. ಆಟಕ್ಕೆ ಬೇಕಿಲ್ಲದ ಹೆಸರು, ವಯಸ್ಸು, ಸ್ಥಳದ ವಿವರಗಳನ್ನು ಲೈಬ್ರರಿಯೊಂದು ತಾನಾಗಿಯೇ ಸಂಗ್ರಹಿಸಿ ವಿದೇಶಕ್ಕೆ ಕಳುಹಿಸುತ್ತಿದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು.

10. ಆದೇಶಕ್ಕೆ ಸಹಿ ಹಾಕುವ ಮುನ್ನ

ಈವರೆಗಿನ ಚರ್ಚೆಯನ್ನು ಏಳು ಪ್ರಶ್ನೆಗಳಲ್ಲಿ ಸಂಗ್ರಹಿಸಬಹುದು.

1) ತಂತ್ರಾಂಶದಲ್ಲಿರುವ ಪ್ರತಿಯೊಂದು ಲೈಬ್ರರಿಯ ಹೆಸರು, ಆವೃತ್ತಿ, ಪರವಾನಗಿ ಯಾವುದು?
2) ಯಾವ ಭಾಗಕ್ಕೆ ಬೇರೆಯವರ ಸರ್ವರ್ ಬೇಕು? ಅದು ನಿಂತರೆ ಏನು ಮಾಡುತ್ತೀರಿ, ಅದಕ್ಕೆಷ್ಟು ವೆಚ್ಚ?
3) ಲೆಕ್ಕ ಮತ್ತು ತೀರ್ಪು ಸರ್ವರಿನಲ್ಲಿ ನಡೆಯುತ್ತದೆಯೋ, ಬಳಕೆದಾರನ ಫೋನಿನಲ್ಲೋ?
4) ಶುಲ್ಕದ ಆಧಾರವೇನು? ಗರಿಷ್ಠ ಬಳಕೆಯ ದಿನ ಎಷ್ಟಾಗುತ್ತದೆ?
5) ಸರ್ವರ್ ಖಾತೆ ಯಾರ ಹೆಸರಿನಲ್ಲಿದೆ? ಅದು ನಮ್ಮ ಸಂಸ್ಥೆಯ ಹೆಸರಿನಲ್ಲಿಯೇ ಇರತಕ್ಕದ್ದು.
6) ಲೈಬ್ರರಿಯಲ್ಲಿ ದೋಷ ಕಂಡುಬಂದರೆ ಎಷ್ಟು ದಿನಗಳಲ್ಲಿ, ಯಾರು, ಯಾವ ವೆಚ್ಚದಲ್ಲಿ ಸರಿಪಡಿಸುತ್ತಾರೆ?
7) ಮೂಲಸಂಕೇತವನ್ನು ಯಾವಾಗ ಒಪ್ಪಿಸುತ್ತೀರಿ? ವರ್ಗಾವಣೆ ಪತ್ರದಲ್ಲಿ ಅವಧಿ ಮತ್ತು ಪ್ರದೇಶವಿದೆಯೇ?

ಒಳ್ಳೆಯ ತಂತ್ರಾಂಶ ಸಂಸ್ಥೆಗೆ ಈ ಪ್ರಶ್ನೆಗಳು ಭಾರವಾಗುವುದಿಲ್ಲ. ಉತ್ತರಗಳು ಅದರ ಬಳಿ ಸಿದ್ಧವಿರುತ್ತವೆ. ಉತ್ತರಗಳನ್ನು ಬಾಯಿಮಾತಿನಲ್ಲಿ ಪಡೆಯದೆ ಒಪ್ಪಂದದ ಅನುಬಂಧವಾಗಿ ಸೇರಿಸಬೇಕು. ಕೊನೆಯ ಕಂತಿನ ಹಣವನ್ನು, ಕನಿಷ್ಠ ಅದರ ಒಂದು ಭಾಗವನ್ನಾದರೂ, ಬಿಡಿಭಾಗಗಳ ಪಟ್ಟಿ ಮತ್ತು ಮೂಲಸಂಕೇತ ಕೈಸೇರಿದ ಮೇಲೆಯೇ ನೀಡಬೇಕು. ವರ್ಷಕ್ಕೊಮ್ಮೆ, ದಾಸ್ತಾನು ಎಣಿಕೆಯ ಸಮಯದಲ್ಲಿ, ಆ ಪಟ್ಟಿಯನ್ನೂ ತೆಗೆದು ಯಾವ ಲೈಬ್ರರಿ ಇನ್ನೂ ನಿರ್ವಹಣೆಯಲ್ಲಿದೆ, ಯಾವುದರ ಪರವಾನಗಿ ಬದಲಾಗಿದೆ ಎಂದು ತಂತ್ರಾಂಶ ಸಂಸ್ಥೆಯಿಂದ ಬರೆಸಿಕೊಳ್ಳಬೇಕು. ಗೋದಾಮಿನಲ್ಲಿರುವ ಸರಕನ್ನು ಎಣಿಸುವ ನಮಗೆ, ಗೋದಾಮನ್ನು ನಡೆಸುವ ತಂತ್ರಾಂಶದೊಳಗೆ ಏನಿದೆಯೆಂದು ಎಣಿಸುವುದು ಹೆಚ್ಚಿನ ಶ್ರಮವೇನಲ್ಲ.